ಹೊಲಗದ್ದೆಗಳ ಸುರಕ್ಷತೆಗೆ ಕಿರುದತ್ತಿ

ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರವು ತನ್ನ ಕೇಶವ ದೇವಾಲಯದಿಂದ ಲೋಕಪ್ರಸಿದ್ಧವಾಗಿದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಈ ದೇವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳ ದೇವಾಲಯಗಳೊಡನೆ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಶಿಲ್ಪವೈಭವವನ್ನು ನೋಡಲು ಬಂದವರು ಮಹಾದ್ವಾರದ ಬಳಿಯ ಶಾಸನದ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಅಗ್ರಹಾರದ ಸ್ಥಾಪನೆಯನ್ನೂ ದೇವಾಲಯಕ್ಕೆ ಬಿಟ್ಟ ದತ್ತಿಗಳನ್ನೂ ದಾಖಲಿಸುವ ಆ ಕಲ್ಲು ಒಂದು ಮುಖ್ಯವಾದ ವಿಷಯವನ್ನು ಸಾರುತ್ತದೆ. ಕಟ್ಟಿಸುವುದಷ್ಟೇ ಸಾಲದು, ಕಟ್ಟಿದುದು ಕೆಡದಂತೆ ನಡೆದುಕೊಂಡು ಹೋಗಲು ಮೊದಲೇ ಏರ್ಪಾಡು ಬೇಕು ಎಂಬುದೇ ಆ ವಿಷಯ.

ಕನ್ನಡ ಶಾಸನಗಳಲ್ಲಿ ಕೊಡುಗೆಗಳಿಗೆ ಹಲವು ಹೆಸರುಗಳುಂಟು. ಅವುಗಳಲ್ಲಿ ಎರಡನ್ನು ಇಲ್ಲಿ ಜೊತೆಯಾಗಿಟ್ಟು ನೋಡುವುದು ಉಚಿತವಾಗಿದೆ. ಊರಿಗಾಗಿ ಕಾದಿ ಮಡಿದ ವೀರನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ಕೆರೆಯನ್ನು ಕಟ್ಟಿಸಿದವರಿಗೆ, ಅದರ ಏರಿ ತೂಬುಗಳನ್ನು ಕಾಪಾಡುವವರಿಗೆ ಬಿಟ್ಟ ಭೂಮಿಗೆ ‘ಕಟ್ಟುಗೊಡಗೆ’ ಎಂದು ಹೆಸರು. ಮೊದಲನೆಯದು ಹಾನಿ ಸಂಭವಿಸಿದ ಮೇಲೆ ಸಲ್ಲುವಂಥದು. ಎರಡನೆಯದು ಹಾನಿ ಸಂಭವಿಸದಿರಲೆಂದು ಮುಂಚೆಯೇ ಸಲ್ಲುವಂಥದು. ಸಮಾಜಕ್ಕೆ ಎರಡೂ ಬೇಕು. ಒಂದನ್ನು ಮಾತ್ರ ಇಟ್ಟುಕೊಂಡು ಇನ್ನೊಂದನ್ನು ಮರೆತರೆ ಕೆರೆ ಒಡೆಯುತ್ತದೆ.

ಇಂದು ಹೊಲಗದ್ದೆಗಳಲ್ಲಿ ದುಡಿಯುವವರ ಪ್ರಾಣದ ವಿಷಯದಲ್ಲಿ ನಾವು ನೆತ್ತರುಗೊಡಗೆಯನ್ನು ಬಲ್ಲೆವು. ಕಟ್ಟುಗೊಡಗೆಯನ್ನು ಬಹುಮಟ್ಟಿಗೆ ಮರೆತಿದ್ದೇವೆ. ಹಾವು ಕಚ್ಚಿಯೋ ಕೃಷಿಸಂಬಂಧವಾದ ಆಕಸ್ಮಿಕದಿಂದಲೋ ರೈತನು ಮೃತನಾದರೆ ಅವನ ಕುಟುಂಬಕ್ಕೆ 2 ಲಕ್ಷ ರೂಪಾಯಿಗಳ ಪರಿಹಾರವನ್ನು ಕೊಡುವ ಏರ್ಪಾಡನ್ನು ರಾಜ್ಯದ ಕೃಷಿ ಇಲಾಖೆಯು ಮಾಡಿದೆ. ಅದು ಅವಶ್ಯವಾದುದು, ನ್ಯಾಯವಾದುದು. ಆದರೆ ಆ ಹಣವು ಮನೆಯ ಬಾಗಿಲಿಗೆ ಬರುವ ವೇಳೆಗೆ ಮನೆಯ ಯಜಮಾನನು ಇರುವುದಿಲ್ಲ. ಅಷ್ಟೇ ಹಣವನ್ನು ಹಳ್ಳಿಯೊಂದಕ್ಕೆ 5 ಸಾವಿರದಂತೆ ಮುಂಚಿತವಾಗಿ ಹಂಚಿದರೆ 40 ಹಳ್ಳಿಗಳಿಗೆ ಮುಟ್ಟುತ್ತದೆ. ಆ ಸಣ್ಣ ಮೊತ್ತವನ್ನು ಯಾರ ಕೈಯಲ್ಲಿಡಬೇಕು, ಅದರಿಂದ ಏನು ಮಾಡಬಹುದು, ಅದಕ್ಕೆ ಕಟ್ಟುಪಾಡುಗಳೇನು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಪಾಯಗಳ ಬಗೆ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳು ನಾಲೆಯ ನೀರಿನ ಸೀಮೆಯೂ ಹೌದು, ಮಳೆಯನ್ನು ನಂಬಿದ ಸೀಮೆಯೂ ಹೌದು. ಬತ್ತ, ಕಬ್ಬು, ಬಾಳೆ, ಹಿಪ್ಪುನೇರಳೆಗಳು ಒಂದು ಕಡೆ; ರಾಗಿ, ಹುರುಳಿ, ಅವರೆಗಳು ಇನ್ನೊಂದು ಕಡೆ. ಬೆಳೆಗಳು ಬೇರೆಯಾದಂತೆ ಅಪಾಯಗಳೂ ಬೇರೆಯಾಗುತ್ತವೆ.

ಹಿಂದೆ ಸುಗ್ಗಿಯ ಕಾಲದಲ್ಲಿ ನೆಲವನ್ನು ಸಾರಿಸಿ ಕಣ ಮಾಡಿ, ಎತ್ತುಗಳನ್ನು ಕಟ್ಟಿ ರೋಣಗಲ್ಲನ್ನು ಎಳೆಸಿ ಒಕ್ಕಣೆ ನಡೆಸುತ್ತಿದ್ದರು. ಈಗ ಎತ್ತುಗಳು ವಿರಳವಾಗಿವೆ, ಕಣಗಳು ಕಣ್ಮರೆಯಾಗಿವೆ. ರಾಗಿ ಹುರುಳಿಗಳ ತೆನೆಯನ್ನು ಟಾರು ರಸ್ತೆಯ ಮೇಲೆ ಹರಡುವುದು, ಓಡಾಡುವ ವಾಹನಗಳ ಚಕ್ರಗಳೇ ಒಕ್ಕಣೆ ಮಾಡಿಕೊಡುವುದು ವಾಡಿಕೆಯಾಗಿದೆ. ಹುರುಳಿಯ ಸೊಪ್ಪಿನ ಮೇಲೆ ಮೋಟಾರು ಸೈಕಲ್ಲುಗಳು ಜಾರಿ ಬೀಳುತ್ತವೆ. ಒಣಹುಲ್ಲು ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬೆಂಕಿ ಹೊತ್ತಿಕೊಳ್ಳುತ್ತದೆ. ಕಾಳು ಬಾಚಲು ರಸ್ತೆಯ ಮೇಲೆ ಬಾಗಿದ ಹೆಂಗಸರು ವಾಹನಗಳಿಗೆ ಸಿಕ್ಕುತ್ತಾರೆ. ಇದನ್ನು ರೈತರ ಅವಿವೇಕವೆಂದು ಹಳಿದು ಸುಮ್ಮನಾಗುವುದು ಸುಲಭ. ಕಣವಿಲ್ಲದವನಿಗೆ ರಸ್ತೆಯೇ ಕಣ ಎಂಬ ಕಾರಣವನ್ನು ತಿಳಿದವರು ಮಾತ್ರ ಪರಿಹಾರವನ್ನು ಕಾಣಬಲ್ಲರು.

ಎರಡನೆಯದು ಯಂತ್ರಗಳಿಂದ ಬರುವ ಅಪಾಯ. ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಕಬ್ಬಿನ ಗಾಣ, ಪಂಪುಸೆಟ್ಟು ಇವುಗಳಲ್ಲಿ ಸೀರೆಯ ಸೆರಗೋ ಪಂಚೆಯ ಅಂಚೋ ಸಿಕ್ಕಿದರೆ ಅದರ ಹಿಂದೆಯೇ ಕೈಯೂ ಹೋಗುತ್ತದೆ. ಒಕ್ಕಣೆ ಯಂತ್ರಗಳಿಂದ ಅಂಗಹೀನರಾದವರ ದುಃಖವು ದೇಶದಲ್ಲೆಲ್ಲ ಕೇಳಿಬಂದುದರಿಂದಲೇ ಕೇಂದ್ರ ಸರ್ಕಾರವು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ತಂದಿತು. ಆದರೆ ತಿರುಗುವ ಪಟ್ಟಿಗೆ ಒಂದು ತಗಡಿನ ಮುಚ್ಚಳವನ್ನು ಕೂಡಿಸುವ ಕೆಲಸ ಕಾಯಿದೆಯ ಪುಟದಲ್ಲಿ ಆಗುವುದಲ್ಲ, ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಗಬೇಕಾದುದು.

ಮೂರನೆಯದು ವಿಷ. 1958ರಲ್ಲಿ ಕೇರಳ ಮತ್ತು ಮದರಾಸುಗಳಲ್ಲಿ ಕೀಟನಾಶಕ ಬೆರೆತ ಆಹಾರವನ್ನುಂಡು ನೂರಕ್ಕೂ ಹೆಚ್ಚು ಮಂದಿ ಸತ್ತ ಬಳಿಕ ನಡೆದ ವಿಚಾರಣೆಗಳ ಫಲವಾಗಿ 1968ರ ಕೀಟನಾಶಕ ಕಾಯಿದೆ ಹುಟ್ಟಿತು. ಅದರನ್ವಯ ಪ್ರತಿಯೊಂದು ಔಷಧದ ಡಬ್ಬಿಯ ಮೇಲೂ ಬಣ್ಣದ ತ್ರಿಕೋನವೊಂದನ್ನು ಮುದ್ರಿಸುತ್ತಾರೆ. ಕೆಂಪು ಅತ್ಯಂತ ಘೋರವಾದ ವಿಷ. ಹಳದಿ ಅದಕ್ಕಿಂತ ಕಡಿಮೆ. ನೀಲಿ ಇನ್ನೂ ಕಡಿಮೆ. ಹಸಿರು ಎಲ್ಲಕ್ಕಿಂತ ಕಡಿಮೆ. ಅಕ್ಷರ ಬಾರದವರಿಗೂ ಅರ್ಥವಾಗಲೆಂದೇ ಈ ಬಣ್ಣಗಳನ್ನು ಗೊತ್ತುಮಾಡಿದರು. ಆದರೆ ಬಣ್ಣದ ಅರ್ಥವನ್ನು ಯಾರಾದರೂ ಹೇಳಿಕೊಡದೆ ಹೋದರೆ ಅಕ್ಷರ ಬಲ್ಲವರಿಗೂ ಅದು ತಿಳಿಯದು. 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರು ಮತ್ತು ಕೂಲಿಗಳು ಪ್ರಾಣ ಕಳೆದುಕೊಂಡರು. ಔಷಧ ಹೊಡೆಯುವವನು ಬಹುವೇಳೆ ಹೊಲದ ಒಡೆಯನಲ್ಲ, ದಿನಗೂಲಿಯವನು ಎಂಬ ಅಂಶವನ್ನು ಇಲ್ಲಿ ಮನಸ್ಸಿನಲ್ಲಿಡತಕ್ಕದ್ದು. ಡಬ್ಬಿಯನ್ನು ಕೊಂಡವನೊಬ್ಬ, ಅದರ ಗಾಳಿಯನ್ನು ಕುಡಿಯುವವನು ಇನ್ನೊಬ್ಬ.

ನಾಲ್ಕನೆಯದು ಹಾವು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಮಂದಿ ಹಾವಿನ ಕಡಿತದಿಂದ ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹುಪಾಲು ಹಳ್ಳಿಯವರು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯಗಳ ಸಾಲಿಗೆ ಸೇರಿಸಿತು. ಕತ್ತಲಲ್ಲಿ ಗದ್ದೆಗೆ ನೀರು ಕಟ್ಟಲು ಬರಿಗಾಲಲ್ಲಿ ಹೋಗುವವನಿಗೆ ಬೇಕಾದುದು ಒಂದು ಟಾರ್ಚು, ಒಂದು ಜೊತೆ ರಬ್ಬರಿನ ಉದ್ದ ಬೂಟು, ಕೈಯಲ್ಲೊಂದು ಕೋಲು. ಕಚ್ಚಿದ ಮೇಲೆ ತಿಳಿದಿರಬೇಕಾದುದೂ ಸ್ವಲ್ಪವೇ: ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ರಕ್ತ ನಿಲ್ಲುವಂತೆ ಹಗ್ಗದಿಂದ ಬಿಗಿಯಬಾರದು, ಕಚ್ಚಿದ ಅಂಗವನ್ನು ಅಲುಗಾಡಿಸದೆ, ಮಂತ್ರ ನಾಟಿಗಳಿಗೆ ಹೊತ್ತು ಕಳೆಯದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು. ಆ ಆಸ್ಪತ್ರೆ ಯಾವುದೆಂಬುದು ಮೊದಲೇ ಗೊತ್ತಿರಬೇಕು.

ಐದನೆಯದು ಈ ಸೀಮೆಯವರು ಮರೆಯಲಾಗದಂಥದು. 2022ರ ಅಕ್ಟೋಬರ್ ತಿಂಗಳ ಕೊನೆಯಿಂದ 2023ರ ಜನವರಿಯವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ವರು ಬಲಿಯಾದರು. ಅವರಲ್ಲಿ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಒಬ್ಬಾಕೆ ಹಿರಿಯ ಮಹಿಳೆ, ಒಬ್ಬನು ಹನ್ನೊಂದು ವರ್ಷದ ಬಾಲಕ. ಎತ್ತರಕ್ಕೆ ಬೆಳೆದ ಕಬ್ಬಿನ ಗದ್ದೆಗಳು ಚಿರತೆಗೆ ಕಾಡಿನಂತೆಯೇ ಆಸರೆಯಾಗುತ್ತವೆ. ಆ ತಿಂಗಳುಗಳಲ್ಲಿ ಸಂಜೆಯಾದರೆ ಮಕ್ಕಳನ್ನು ಹೊರಗೆ ಕಳುಹಿಸಲು ಹಳ್ಳಿಗಳು ಅಂಜಿದುವು.

ಆರನೆಯದು ಮುಚ್ಚದೆ ಬಿಟ್ಟ ಕೊಳವೆಬಾವಿ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಮಕ್ಕಳು ಬದುಕಲಿಲ್ಲ. 2024ರ ಏಪ್ರಿಲ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಕಾಲ ಹಗಲಿರುಳು ನೆಲ ಅಗೆದು ಜೀವಸಹಿತ ಮೇಲೆತ್ತಿದರು. ನಾಡೆಲ್ಲ ನಿಟ್ಟುಸಿರು ಬಿಟ್ಟಿತು. ಮುಚ್ಚದ ಕೊಳವೆಬಾವಿಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಸ್ಪಷ್ಟವಾದ ಸೂಚನೆಗಳನ್ನು ಕೊಟ್ಟಿತ್ತು. ಬಾಯಿಗೆ ಗಟ್ಟಿಯಾದ ಮುಚ್ಚಳ ಹಾಕುವುದಕ್ಕೂ ಮಗುವನ್ನು ಮೇಲೆತ್ತುವುದಕ್ಕೂ ತಗಲುವ ವೆಚ್ಚ ಶ್ರಮಗಳ ಅಂತರವನ್ನು ಲೆಕ್ಕ ಹಾಕಿದರೆ ನೆತ್ತರುಗೊಡಗೆ ಕಟ್ಟುಗೊಡಗೆಗಳ ಭೇದವು ತಾನಾಗಿಯೇ ವಿಶದವಾಗುತ್ತದೆ.

ತರುಣರೇ ಏಕೆ?

ಇವೆಲ್ಲವನ್ನೂ ಹಣೆಬರಹವೆನ್ನುವ ರೂಢಿ ಹಳ್ಳಿಗಳಲ್ಲಿ ಬೇರೂರಿದೆ. ಹಿರಿಯರಿಗೆ ಆ ಅಪಾಯಗಳು ಬಾಲ್ಯದಿಂದ ಕಂಡವು; ಕಂಡುಕಂಡು ಕಣ್ಣು ಒಗ್ಗಿಹೋಗಿದೆ. ಶಾಲೆಯಲ್ಲಿ ಓದುವ ಹುಡುಗ ಹುಡುಗಿಯರಿಗೆ ಡಬ್ಬಿಯ ಮೇಲಿನ ಬರಹವನ್ನು ಓದಬಲ್ಲ ಶಕ್ತಿಯುಂಟು, ಏಕೆಂದು ಕೇಳುವ ಧೈರ್ಯವುಂಟು, ಸಂಜೆಯ ಬಿಡುವುಂಟು. ಮೇಲಾಗಿ ಅಪ್ಪನಿಗೆ ಮಗಳು ಹೇಳಿದ ಮಾತು ಅಧಿಕಾರಿಯ ಭಾಷಣಕ್ಕಿಂತ ಬೇಗ ತಾಗುತ್ತದೆ.

ಯುವಜನರಿಗೆ ಸ್ವಲ್ಪ ಹಣವನ್ನೂ ಹೊಣೆಯನ್ನೂ ಒಟ್ಟಿಗೆ ಒಪ್ಪಿಸುವುದು ನಮ್ಮಲ್ಲಿ ಹೊಸತೇನಲ್ಲ. ಗಾಂಧಿ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವರಾದ ಡಾ. ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ 40 ಸಾವಿರ ವಿದ್ಯಾರ್ಥಿಗಳೊಡನೆ ಆರಂಭಿಸಿದರು. ಇಂದಿಗೂ ಅದರ ಸ್ವಯಂಸೇವಕರು ಏಳು ದಿನಗಳ ಶಿಬಿರ ಹೂಡಿ ಹಳ್ಳಿಗಳಲ್ಲಿ ದುಡಿಯುತ್ತಾರೆ. 1982ರಲ್ಲಿ ಸ್ಥಾಪಿತವಾದ ನಬಾರ್ಡ್ ಸಂಸ್ಥೆಯು ಅದೇ ವರ್ಷ ವಿಕಾಸ ಸ್ವಯಂಸೇವಕ ವಾಹಿನಿ ಎಂಬ ಹೆಸರಿನಲ್ಲಿ ಹಳ್ಳಿಯ ರೈತಕೂಟಗಳಿಗೆ ನೆರವು ಕೊಡತೊಡಗಿತು. 2005ರಲ್ಲಿ ಅವುಗಳಿಗೆ ರೈತಕೂಟ ಕಾರ್ಯಕ್ರಮವೆಂದು ಹೆಸರಾಯಿತು. ಈ ಎರಡು ಯೋಜನೆಗಳೂ ಕೃಷಿ ಸುರಕ್ಷತೆಗೆಂದೇ ಹುಟ್ಟಿದುವಲ್ಲ. ಆದರೆ ಸಣ್ಣ ಮೊತ್ತವನ್ನು ಕೊಟ್ಟು ಊರಿನವರ ದುಡಿಮೆಯನ್ನು ಅದಕ್ಕೆ ಜೋಡಿಸುವ ಕ್ರಮವನ್ನು ತೋರಿಸಿಕೊಟ್ಟುವು.

ಹೊರದೇಶದಲ್ಲಿ ಈ ಕ್ರಮವನ್ನು ಸುರಕ್ಷತೆಗೇ ಮೀಸಲಾಗಿಟ್ಟವರುಂಟು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಾರ್ಷ್‌ಫೀಲ್ಡ್ ಎಂಬಲ್ಲಿ 1997ರಲ್ಲಿ ಸ್ಥಾಪಿತವಾದ, ಗ್ರಾಮೀಣ ಮಕ್ಕಳ ಕೃಷಿ ಸುರಕ್ಷತೆಯ ರಾಷ್ಟ್ರೀಯ ಕೇಂದ್ರವು ಹೊಸ ಉಪಾಯಗಳನ್ನು ಪರೀಕ್ಷಿಸಿ ನೋಡುವ ತಂಡಗಳಿಗೆ ಕಿರುಧನವನ್ನು ಕೊಡುತ್ತ ಬಂದಿತು. ಉಪಾಯ ಸಣ್ಣದಾದರೂ ಫಲ ದೊಡ್ಡದಾಗಬಹುದೆಂಬುದಕ್ಕೆ ಸ್ವೀಡನ್ ದೇಶ ನಿದರ್ಶನ. ಟ್ರಾಕ್ಟರು ಮಗುಚಿದಾಗ ಚಾಲಕನು ಅದರಡಿ ಸಿಕ್ಕದಂತೆ ತಡೆಯುವ ಕಬ್ಬಿಣದ ಕಮಾನನ್ನು ಹೊಸ ಟ್ರಾಕ್ಟರುಗಳಿಗೆಲ್ಲ 1959ರಿಂದ ಆ ದೇಶ ಕಡ್ಡಾಯಗೊಳಿಸಿತು. ಅಲ್ಲಿಂದ ಮುಂದೆ ಟ್ರಾಕ್ಟರು ಮಗುಚಿ ಸಾಯುವವರ ಸಂಖ್ಯೆ ಇಳಿಯುತ್ತ ಬಂದಿತು. ರಕ್ಷಿಸಿದುದು ಬಾಗಿದ ಒಂದು ಕಂಬಿ.

ಕಿರುದತ್ತಿ ನಡೆಯುವ ಕ್ರಮ

ಸೋಮನಾಥಪುರದ ಸುತ್ತಣ ಹಳ್ಳಿಯೊಂದರಲ್ಲಿ ಹತ್ತು ಮಂದಿ ಯುವಕ ಯುವತಿಯರು ಒಂದು ಕೂಟವಾಗಿ, ದಾನಿಯೊಬ್ಬರಿಂದ 5 ಸಾವಿರ ರೂಪಾಯಿಗಳ ದತ್ತಿಯನ್ನು ಪಡೆದರೆಂದು ಭಾವಿಸೋಣ. ಅವರು ಮಾಡತಕ್ಕ ಮೊದಲ ಕೆಲಸ ಖರ್ಚು ಮಾಡುವುದಲ್ಲ, ಎಣಿಸುವುದು. ಕಳೆದ ಐದು ವರ್ಷಗಳಲ್ಲಿ ಊರಿನಲ್ಲಿ ಹೊಲದ ಕೆಲಸದಿಂದ ಗಾಯಗೊಂಡವರು ಯಾರು, ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ಒಡೆಯರ ಮನೆಯನ್ನು ಕೇಳಿದಂತೆಯೇ ಕೂಲಿಯವರ ಮನೆಯನ್ನೂ ಕೇಳಬೇಕು. ಗಂಡಸರನ್ನು ಕೇಳಿದಂತೆಯೇ ಕಳೆ ಕೀಳುವ, ನಾಟಿ ಮಾಡುವ ಹೆಂಗಸರನ್ನೂ ಕೇಳಬೇಕು. ಊಹೆಯಿಂದ ಹೊರಟರೆ ಹಣವು ಬೇಡದ ಕಡೆಗೆ ಹೋಗುತ್ತದೆ.

ಎರಡನೆಯ ಕೆಲಸ ಒಂದೇ ಒಂದು ಅಪಾಯವನ್ನು ಆರಿಸಿಕೊಳ್ಳುವುದು. ಎಲ್ಲವನ್ನೂ ಹಿಡಿಯಹೊರಟವರು ಯಾವುದನ್ನೂ ಮುಗಿಸಲಾರರು. ಹಾವಿನ ಭಯ ಹೆಚ್ಚಾಗಿದ್ದರೆ ರಾತ್ರಿ ನೀರು ಕಟ್ಟುವವರಿಗೆ ಸರದಿಯ ಮೇಲೆ ಕೊಡಲು ಕೆಲವು ಟಾರ್ಚುಗಳು ಮತ್ತು ಬೂಟುಗಳು. ಚುಚ್ಚುಮದ್ದು ದೊರೆಯುವ ಆಸ್ಪತ್ರೆಯ ಹೆಸರನ್ನೂ 108ರ ಸಂಖ್ಯೆಯನ್ನೂ ಬರೆದ ಗೋಡೆಬರಹ. ಕಬ್ಬು ಸಾಗಿಸುವ ಗಾಡಿ ಟ್ರಾಕ್ಟರುಗಳು ಕತ್ತಲಲ್ಲಿ ಕಾಣದೆ ಅಪಘಾತಗಳಾಗುತ್ತಿದ್ದರೆ ಹಿಂಬದಿಗೆ ಅಂಟಿಸಲು ಬೆಳಕನ್ನು ಪ್ರತಿಫಲಿಸುವ ಪಟ್ಟಿಗಳು. ರಸ್ತೆಯ ಒಕ್ಕಣೆ ತೊಂದರೆಯಾಗಿದ್ದರೆ ಗ್ರಾಮ ಪಂಚಾಯಿತಿಯನ್ನು ಕೇಳಿ ಪಡೆದ ಬಯಲಿನಲ್ಲಿ ಎಲ್ಲರೂ ಬಳಸುವ ಕಣ, ಅದಕ್ಕೆ ಹಾಸಲು ಟಾರ್ಪಾಲು. ಪಾಳುಬಿದ್ದ ಕೊಳವೆಬಾವಿಗಳಿದ್ದರೆ ಅವುಗಳ ಪಟ್ಟಿ, ಒಡೆಯರ ಒಪ್ಪಿಗೆ, ಮುಚ್ಚಳ. ಚಿರತೆಯ ಭಯವಿದ್ದರೆ ಸಂಜೆ ಮಕ್ಕಳನ್ನು ಗುಂಪಾಗಿ ಕರೆತರುವ ಸರದಿ, ದೀಪಗಳು, ಕೊಟ್ಟಿಗೆಗೆ ಬಾಗಿಲು, ಕಂಡ ಕೂಡಲೆ ಅರಣ್ಯ ಇಲಾಖೆಗೆ ತಿಳಿಸುವ ಹೊಣೆಗಾರ.

ವಿಷದ ಅಪಾಯವನ್ನು ಆರಿಸಿಕೊಂಡವರಿಗೆ ಹೊಸದೊಂದು ಸಾಧನ ಒದಗಿದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ‘ಕಿಸಾನ್ ಕವಚ’ ಎಂಬ ಉಡುಪು 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಬಟ್ಟೆಗೆ ತಗಲಿದ ಕೀಟನಾಶಕವು ಮೈಗೆ ಇಳಿಯುವ ಮೊದಲೇ ಅದನ್ನು ನಿಷ್ಕ್ರಿಯಗೊಳಿಸುವ ಗುಣ ಅದರ ನೂಲಿಗುಂಟು. ಒಗೆದು ಮತ್ತೆ ಮತ್ತೆ ಬಳಸಬಹುದು. ಬಿಡುಗಡೆಯ ಕಾಲದಲ್ಲಿ ಅದರ ಬೆಲೆ ಸುಮಾರು 4 ಸಾವಿರ ರೂಪಾಯಿ. ದಿನಗೂಲಿಯವನು ಇದನ್ನು ಕೊಳ್ಳಲಾರನು. ಅವನಿಗಾಗಿ ಒಡೆಯನು ಕೊಳ್ಳುವುದೂ ಸಂದೇಹವೇ. ಆದರೆ ಊರಿನ ಕೂಟವು ಒಂದನ್ನು ಕೊಂಡು, ಪುಸ್ತಕಭಂಡಾರದ ಪುಸ್ತಕದಂತೆ ಬರೆದುಕೊಂಡು ಎರವಲು ಕೊಡಬಹುದು. ಬಿಸಿಲಿನಲ್ಲಿ ಸೆಕೆಯೆಂದು ಅದನ್ನು ತೊಡಲು ಕೆಲವರು ಒಪ್ಪದಿರಬಹುದು. ಹಾಗಿದ್ದಲ್ಲಿ ಬೆಳಗಿನ ತಂಪಿನಲ್ಲಿಯೇ ಸಿಂಪಡಿಸುವಂತೆ ಒಡೆಯರನ್ನು ಒಪ್ಪಿಸುವುದೂ ಕೂಟದ ಕೆಲಸವೇ ಆಗುತ್ತದೆ.

ಮೂರನೆಯದು ಲೆಕ್ಕ. ಕೊಂಡ ವಸ್ತು, ಕೊಟ್ಟ ಹಣ, ಉಳಿದ ಹಣ ಇವನ್ನು ಒಂದು ಪುಸ್ತಕದಲ್ಲಿ ಬರೆದು ಶಾಲೆಯ ಉಪಾಧ್ಯಾಯರೊಬ್ಬರಿಂದ ಸಹಿ ಮಾಡಿಸಿ ಊರಿನ ಮುಂದೆ ಓದಬೇಕು. ಹಳೆಯ ದತ್ತಿಗಳನ್ನು ಕಲ್ಲಿನಲ್ಲಿ ಕೊರೆಯಿಸಿ ಎಲ್ಲರೂ ನೋಡುವೆಡೆ ನಿಲ್ಲಿಸಿದುದೂ ಇದೇ ಕಾರಣದಿಂದ. ನಾಲ್ಕನೆಯದು ಪರಿಶೀಲನೆ. ಆರು ತಿಂಗಳ ಮೇಲೆ ಅದೇ ಮನೆಗಳಿಗೆ ಮತ್ತೆ ಹೋಗಿ, ಕೊಟ್ಟುದನ್ನು ಬಳಸುತ್ತಿರುವರೆ, ಬಳಸದಿದ್ದರೆ ಏಕೆ ಎಂಬುದನ್ನು ಕೇಳಬೇಕು. ಫಲಿಸದ ಉಪಾಯವನ್ನು ಮರೆಮಾಚದೆ ಬರೆದಿಟ್ಟರೆ ಮುಂದಿನ ಊರಿನವರು ಅದೇ ತಪ್ಪನ್ನು ಮಾಡುವುದಿಲ್ಲ.

ಮಾಡಬಾರದ ಕೆಲವು ಕೆಲಸಗಳೂ ಉಂಟು. ವಿದ್ಯಾರ್ಥಿಗಳು ತಾವೇ ಔಷಧದ ಡಬ್ಬಿಗಳನ್ನು ಮುಟ್ಟಬಾರದು. ನಡೆಯುತ್ತಿರುವ ಯಂತ್ರವನ್ನು ರಿಪೇರಿ ಮಾಡಬಾರದು. ಹಾವು ಹಿಡಿಯಲು, ಚಿರತೆಯನ್ನು ಅಟ್ಟಲು ಹೋಗಬಾರದು. ಹದಿನೆಂಟು ತುಂಬದವರನ್ನು ಅಪಾಯಕರವಾದ ಕೆಲಸಕ್ಕೆ ಹಚ್ಚುವುದನ್ನು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯು ನಿಷೇಧಿಸಿದೆ. ಸುರಕ್ಷತೆಯ ಹೆಸರಿನಲ್ಲಿ ಮಕ್ಕಳನ್ನೇ ಅಪಾಯಕ್ಕೆ ಒಡ್ಡಿದರೆ ಕಾರ್ಯದ ಅರ್ಥವೇ ಕೆಡುತ್ತದೆ. ಹಾಗೆಯೇ ದತ್ತಿಯ ಹಣವನ್ನು ಉದ್ಘಾಟನೆಯ ಶಾಮಿಯಾನ, ಹಾರ ತುರಾಯಿಗಳಿಗೆ ವೆಚ್ಚ ಮಾಡತಕ್ಕದ್ದಲ್ಲ.

ತಜ್ಞರ ಸಲಹೆ ಬೇಕಾದಾಗ ಈ ಭಾಗದವರು ದೂರ ಹೋಗಬೇಕಾಗಿಲ್ಲ. ಕಪಿಲೆಯ ದಡದ ಸುತ್ತೂರಿನಲ್ಲಿ ಜೆ. ಎಸ್. ಎಸ್. ಕೃಷಿ ವಿಜ್ಞಾನ ಕೇಂದ್ರವಿದೆ. ಸುತ್ತೂರಿನ ಜಾತ್ರೆಯಲ್ಲಿ ವರ್ಷಂಪ್ರತಿ ಕೃಷಿ ಮೇಳವು ನಡೆಯುತ್ತದೆ. ಬೆಳೆಯನ್ನು ನೋಡಲು ಅಲ್ಲಿಗೆ ಬರುವ ಸಹಸ್ರಾರು ರೈತರ ಮುಂದೆ ಮುಚ್ಚಳ ಹಾಕಿದ ಯಂತ್ರವನ್ನೂ ಬಣ್ಣದ ತ್ರಿಕೋನದ ಅರ್ಥವನ್ನೂ ಹಳ್ಳಿಯ ಮಕ್ಕಳೇ ತೋರಿಸಿ ವಿವರಿಸಬಹುದು.

ದಾಸೋಹದ ಮಾರ್ಗ

ಶರಣರು ಕಾಯಕಕ್ಕೆ ಕೊಟ್ಟ ಗೌರವವು ನಾಡಿಗೇ ತಿಳಿದುದು. ಕಾಯದಿಂದ ನಡೆಯುವುದೇ ಕಾಯಕ. ಕಾಯವು ಕುಂದಿದರೆ ಕಾಯಕವೂ ನಿಲ್ಲುತ್ತದೆ, ಅದನ್ನು ನಂಬಿದ ಮನೆಯೂ ನಿಲ್ಲುತ್ತದೆ. ಆದುದರಿಂದ ದುಡಿಯುವವನ ದೇಹವನ್ನು ಕಾಯುವುದು ಕಾಯಕದ ಒಂದು ಅಂಗವೇ ಆಗಿದೆ. ದಾಸೋಹವಾದರೋ ಕೊಡುವವನ ಹಮ್ಮು ಇಲ್ಲದ ಕೊಡುಗೆ. ಮಠಗಳ ಅನ್ನ ಅಕ್ಷರಗಳ ದಾಸೋಹದಿಂದ ಬೆಳೆದ ಸಾವಿರಾರು ಹಳೆಯ ವಿದ್ಯಾರ್ಥಿಗಳು ಇಂದು ಒಳ್ಳೆಯ ಸ್ಥಿತಿಯಲ್ಲಿದ್ದಾರೆ. ಅವರಲ್ಲಿ ಬಹುಮಂದಿಯ ತಂದೆತಾಯಿಗಳು ಹೊಲದಲ್ಲಿ ದುಡಿದವರೇ. ಕಟ್ಟಡಕ್ಕೆ ಕೊಟ್ಟ ದತ್ತಿಗೆ ಗೋಡೆಯ ಮೇಲೆ ಹೆಸರಿನ ಕಲ್ಲು ಇರುತ್ತದೆ. ಕೊಳವೆಬಾವಿಯ ಮುಚ್ಚಳಕ್ಕೆ ಕೊಟ್ಟ ದತ್ತಿಗೆ ಅಂಥ ಕಲ್ಲು ಇರುವುದಿಲ್ಲ. ಯಾವ ಮಗು ಬೀಳದೆ ಉಳಿಯಿತೆಂಬುದು ಕೊಟ್ಟವರಿಗೂ ತಿಳಿಯದು, ಆ ಮಗುವಿನ ತಾಯಿಗೂ ತಿಳಿಯದು.

ಉಪಾಧ್ಯಾಯರು ತಮ್ಮ ತರಗತಿಯ ಮಕ್ಕಳಿಂದ ಊರಿನ ಗಾಯಗಳ ಎಣಿಕೆಯನ್ನು ಬರುವ ಸುಗ್ಗಿಗೆ ಮುನ್ನ ಮಾಡಿಸಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಹುಟ್ಟೂರಿಗೆ ಒಂದೊಂದು ಕಿರುದತ್ತಿಯನ್ನು ಇಡಬಹುದು. ದಾನಿಗಳು ಒಂದು ದೊಡ್ಡ ಮೊತ್ತವನ್ನು ಹಲವು ಸಣ್ಣ ಪಾಲುಗಳಾಗಿ ಹಂಚಬಹುದು. ಏರಿ ಒಡೆದ ಮೇಲೆ ಕೆರೆಯ ಬಳಿಗೆ ಓಡುವ ಊರಿಗಿಂತ, ಮಳೆಗಾಲಕ್ಕೆ ಮುಂಚೆಯೇ ಒಂದೊಂದು ಬುಟ್ಟಿ ಮಣ್ಣು ಹಾಕಿದ ಊರಿನಲ್ಲಿ ಬೆಳೆ ನೆಮ್ಮದಿಯಾಗಿ ಮನೆ ಸೇರುತ್ತದೆ.